ಗಾಳಿಗೊಂದು, ದಿಬ್ಬಕ್ಕೊಂದು

ನೆದರ್‌ಲ್ಯಾಂಡ್ಸ್‌ನಲ್ಲಿ ಎದುರುಗಾಳಿಗೆಂದೇ ಒಂದು ಸೈಕಲ್ ಪಂದ್ಯವಿದೆ. ಸಮುದ್ರ ಉಕ್ಕಿ ಬರದಂತೆ ಕಟ್ಟಿದ ಓಸ್ಟರ್‌ಸ್ಕೆಲ್ಡೆ ತಡೆಗೋಡೆಯ ಮೇಲೆ ಅದು ನಡೆಯುತ್ತದೆ. ಬಿರುಗಾಳಿಯ ಮುನ್ಸೂಚನೆ ಸಿಕ್ಕ ಮೇಲಷ್ಟೇ ದಿನ ಗೊತ್ತುಮಾಡುತ್ತಾರೆ. ಎಂಟೂವರೆ ಕಿ.ಮೀ. ದೂರಕ್ಕೆ ಸ್ಪರ್ಧಿಗಳ ಕೈಗೆ ಸಿಗುವುದು ಗೇರ್ ಇಲ್ಲದ ಸಾದಾ ಸೈಕಲ್. ಬೆಟ್ಟವೆಂಬುದೇ ಅಪರೂಪವಾದ ನಾಡಿನಲ್ಲಿ ಹುರುಪು ತೀರಿಸಿಕೊಳ್ಳಲು ಇದೂ ಒಂದು ದಾರಿ.

ಆದರೆ ಹದಿನೈದು ಇಪ್ಪತ್ತು ಕಿ.ಮೀ. ತುಳಿದು ಕಚೇರಿ ಸೇರಬೇಕಾದವರಿಗೆ ಆ ಗಾಳಿ ದಿನನಿತ್ಯದ ತಲೆನೋವು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 20 ಕಿ.ಮೀ.ನಿಂದ 30ಕ್ಕೆ ಹೋದರೆ ಗಾಳಿಯ ಪಾಲಿಗೇ ಮೂರು ಪಟ್ಟಿಗೂ ಹೆಚ್ಚು ತೆರಬೇಕು. ಎಲೆಕ್ಟ್ರಿಕ್ ಸೈಕಲ್ ಆ ಸಾಲವನ್ನು ಬ್ಯಾಟರಿಯಿಂದ ತೀರಿಸುತ್ತದೆ. ಬೆನ್ನು ಒರಗಿಸಿ, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸಾಲವನ್ನೇ ತಗ್ಗಿಸುತ್ತದೆ.

1933ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಇದು ರುಜುವಾತಾಗಿತ್ತು. ಅಷ್ಟೇನೂ ಹೆಸರಿಲ್ಲದ ಫ್ರಾನ್ಸಿಸ್ ಫೋರ್, ಚಾರ್ಲ್ಸ್ ಮೋಶೆ ತಯಾರಿಸಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿ.ಮೀ. ದಾಟಿ, 1914ರಿಂದ ಅಲುಗದೆ ನಿಂತಿದ್ದ ಆಸ್ಕರ್ ಎಗ್ ದಾಖಲೆ ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಬಗೆಯ ಸೈಕಲ್‌ಗಳನ್ನು ಪಂದ್ಯದಿಂದಲೇ ಹೊರಗಿಟ್ಟಿತು. ಪಂದ್ಯದಲ್ಲಿ ಕಾಣದ್ದು ಅಂಗಡಿಯಲ್ಲೂ ಕಾಣಲಿಲ್ಲ. ರಿಕಂಬೆಂಟ್ ಸಣ್ಣಪುಟ್ಟ ವರ್ಕ್‌ಶಾಪ್‌ಗಳ ಪಾಲಾಯಿತು. 1957ರಲ್ಲಿ ನೀರು ಬಸಿದು ಸಮುದ್ರತಳದಿಂದ ಎಬ್ಬಿಸಿದ ಬಯಲಿನಲ್ಲಿರುವ ನೆದರ್‌ಲ್ಯಾಂಡ್ಸ್‌ನ ಡ್ರೊಂಟೆನ್ ಊರಿನಲ್ಲಿ, ಮೈತುಂಬ ಕವಚವಿರುವ ಮೂರು ಚಕ್ರದ ವೆಲೋಮೊಬೈಲ್ ತಯಾರಕರು ನೆಲೆಯೂರಿದ್ದು ಎಷ್ಟು ಸಹಜ!

ಎಲೆಕ್ಟ್ರಿಕ್ ಸೈಕಲ್ಲಿಗೆ ಕಾನೂನಿನ ಕೃಪೆ ಸಿಕ್ಕಿತು. 1993ರಲ್ಲಿ ಜಪಾನಿನ ಯಮಾಹಾ ಪೆಡಲ್ಲಿಗೆ ಮೋಟಾರಿನ ನೆರವು ಜೋಡಿಸಿ ಮಾರುಕಟ್ಟೆಗೆ ಬಿಟ್ಟಿತು. ಯುರೋಪಿನಲ್ಲಿ 250 ವಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ಅದು ಬರೀ ಸೈಕಲ್. ನಂಬರ್ ಪ್ಲೇಟ್ ಬೇಡ. (ನಮ್ಮಲ್ಲೂ ಇವೇ ಅಂಕಿಗಳು.) 25 ದಾಟಿತೋ, ಮೋಟಾರ್ ಕೈಬಿಡುತ್ತದೆ, ಆಮೇಲೆ ಇಪ್ಪತ್ತು, ಇಪ್ಪತ್ತೈದು ಕಿಲೋ ಭಾರವನ್ನು ನಾವೇ ಎಳೆಯಬೇಕು. 45ರವರೆಗೆ ಓಡುವ ಇನ್ನೊಂದು ವರ್ಗವೂ ಇದೆ. ಆದರೆ 2017ರಿಂದ ಡಚ್ಚರು ಅದನ್ನು ಮೊಪೆಡ್ ಸಾಲಿಗೆ ಸೇರಿಸಿ ಹೆಲ್ಮೆಟ್, ನಂಬರ್ ಪ್ಲೇಟ್ ಕಡ್ಡಾಯ ಮಾಡಿದ್ದಾರೆ.

ಯಾವುದನ್ನು ಕೊಳ್ಳಬೇಕು? ಊರೊಳಗಿನ ಓಡಾಟ, ಹೆಜ್ಜೆಗೊಂದು ಸಿಗ್ನಲ್, ಇಸ್ತ್ರಿ ಮಾಡಿದ ಅಂಗಿ ಎಂದಾದರೆ ಎಲೆಕ್ಟ್ರಿಕ್. ನನಗೆ ಇದರಲ್ಲಿ ಅನುಮಾನವಿಲ್ಲ. ರಿಕಂಬೆಂಟ್‌ನಲ್ಲಿ ಏರು ಬಂದರೆ ಪೆಡಲ್ ಮೇಲೆ ಎದ್ದು ನಿಂತು ತುಳಿಯಲಾಗದು. ನಿಂತಲ್ಲಿಂದ ಹೊರಡುವಾಗ ಎರಡು ಚಕ್ರದ್ದು ಓಲಾಡುತ್ತದೆ. ತೀರಾ ತಗ್ಗಿನ ಮಾದರಿಯಲ್ಲಿ ಸವಾರನ ಕಣ್ಣು ಕಾರಿನ ಹೆಡ್‌ಲೈಟ್ ಮಟ್ಟದಲ್ಲಿರುವುದರಿಂದ ಹಿಂದೆ ಕೋಲಿಗೊಂದು ಬಾವುಟ ಸಿಕ್ಕಿಸಿಕೊಳ್ಳಬೇಕು. ಉಟ್ರೆಕ್ಟ್ ನಿಲ್ದಾಣದಡಿ 12,500 ಸೈಕಲ್ ನಿಲ್ಲುವ ಜಾಗವಿದ್ದರೂ ಅಲ್ಲಿನ ಎರಡಂತಸ್ತಿನ ಸ್ಟ್ಯಾಂಡುಗಳು ಇದರ ಅಳತೆಯವಲ್ಲ.

ಆದರೆ ಊರು ದಾಟಿ ಬಯಲಿಗೆ ಬಿದ್ದರೆ ಲೆಕ್ಕ ತಿರುಗುತ್ತದೆ. ರಿಕಂಬೆಂಟ್‌ನಲ್ಲಿ ಮಣಿಕಟ್ಟಿಗೆ ಭಾರವಿಲ್ಲ, ಸೀಟಿನ ನೋವಿಲ್ಲ, ಚಾರ್ಜಿನ ಚಿಂತೆಯಿಲ್ಲ. ಎಲೆಕ್ಟ್ರಿಕ್ ಸೈಕಲ್ಲು 25ರಲ್ಲಿ ತಡವರಿಸುವ ಹೊತ್ತಿಗೆ ರೂಢಿಯಾದ ಸವಾರ ಕಾಲಿನ ಬಲದಲ್ಲೇ ಮುಂದೆ ಸಾಗಿರುತ್ತಾನೆ.

ಈಗೀಗ ವೆಲೋಮೊಬೈಲ್‌ಗೂ ಮೋಟಾರ್ ಕೂರಿಸಿಕೊಡುತ್ತಾರೆ. ಸಮತಟ್ಟಾದ ದಾರಿಯಲ್ಲಿ ಅದು 25ರ ಮಿತಿಯನ್ನು ಬೇಗನೆ ದಾಟುವುದರಿಂದ ಮೋಟಾರಿಗೆ ಹೆಚ್ಚು ಕೆಲಸವಿಲ್ಲ. ಸಿಗ್ನಲ್ಲಿನಿಂದ ಹೊರಡುವಾಗ, ಸೇತುವೆ ಏರುವಾಗ ಒಂದಿಷ್ಟು ತಳ್ಳಿ ಸುಮ್ಮನಾಗುತ್ತದೆ.