ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಮತ್ತು ಅವ್ಯಯಗಳ ಸಂಬಂಧ

ಪ್ರೌಢಶಾಲೆಯ ವಿದ್ಯಾರ್ಥಿಯ ಮುಂದೆ ‘ಹೀ ಗೇವ್ ಅಪ್ ಸ್ಮೋಕಿಂಗ್’ ಎಂಬ ವಾಕ್ಯವನ್ನಿರಿಸಿದರೆ, ‘ಅವನು ಹೊಗೆಯನ್ನು ಮೇಲಕ್ಕೆ ಕೊಟ್ಟನು’ ಎಂದು ಆತನು ಕನ್ನಡಿಸುವುದುಂಟು. ತರಗತಿ ನಗುತ್ತದೆ, ಹುಡುಗನು ತಲೆ ತಗ್ಗಿಸುತ್ತಾನೆ. ಆದರೆ ಆತನ ತಪ್ಪಾದರೂ ಏನು? ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ ಎಂದು ಶಬ್ದಾರ್ಥದ ಪಟ್ಟಿಯಲ್ಲಿ ಬರೆಯಿಸಿದವರು ಗುರುಗಳೇ. ಎರಡನ್ನೂ ಆತನು ನಿಷ್ಠೆಯಿಂದ ಕೂಡಿಸಿದನು. ‘ಧೂಮಪಾನವನ್ನು ಬಿಟ್ಟನು’ ಎಂಬ ನಿಜವಾದ ಅರ್ಥ ಆ ಎರಡು ಶಬ್ದಗಳಲ್ಲಿ ಯಾವುದರಲ್ಲಿಯೂ ಇಲ್ಲ, ಅವುಗಳ ಕೂಟದಲ್ಲಿದೆ. ಹಳ್ಳಿಗಳಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ದೊಡ್ಡ ಶಬ್ದಗಳಲ್ಲಿ ಅಷ್ಟಾಗಿ ಅಲ್ಲ. ಅಪ್, ಔಟ್, ಆನ್, ಆಫ್ ಎಂಬ ಈ ಅಣುಮಾತ್ರ ಶಬ್ದಗಳಲ್ಲಿ. ಇಲ್ಲಿ ಎಡವಿದವನು ಆ ಭಾಷೆ ತನಗೆ ಒಲಿಯದೆಂದೇ ಕೈಚೆಲ್ಲುತ್ತಾನೆ.

ಸಂಸ್ಕೃತದ ಪರಿಚಯವುಳ್ಳವರಿಗೆ ಈ ವಿಷಯ ಹೊಸದೆನಿಸಬೇಕಾಗಿಲ್ಲ. ‘ಹೃ’ ಧಾತುವಿಗೆ ಒಯ್ಯು ಎಂಬುದು ಮೂಲಾರ್ಥ. ಅದಕ್ಕೆ ಬೇರೆಬೇರೆ ಉಪಸರ್ಗಗಳು ಸೇರಿದಾಗ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದು ಅರ್ಥವು ಎಲ್ಲಿಂದೆಲ್ಲಿಗೋ ಸಾಗುತ್ತದೆ. ಇಂಗ್ಲಿಷಿನ ‘ಪುಟ್’ ಸಹ ಹಾಗೆಯೇ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಆನ್’ ಎಂದರೆ ತೊಡು, ‘ಪುಟ್ ಔಟ್’ ಎಂದರೆ ಆರಿಸು. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಮುಂದೆ ಅಂಟಿಕೊಂಡು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಬಿಡಿಯಾಗಿ ನಿಲ್ಲುತ್ತದೆ. ವೇದಭಾಷೆಯಲ್ಲಿಯೂ ಉಪಸರ್ಗವು ಕ್ರಿಯೆಯಿಂದ ದೂರ ನಿಲ್ಲಬಹುದೆಂದು ಪಾಣಿನಿಯು ವಿಧಿಸಿರುವುದನ್ನು ನೆನೆದರೆ ಈ ಭೇದವೂ ಕಿರಿದಾಗುತ್ತದೆ.

ಇಲ್ಲಿಯೇ ಒಂದು ತೊಡಕಿದೆ. ‘ಪ್ರಿಪೊಜಿಷನ್’ ಎಂಬ ಶಬ್ದಕ್ಕೆ ನಮ್ಮಲ್ಲಿ ‘ಉಪಸರ್ಗ’ ಎಂದೇ ಅರ್ಥ ಹೇಳುವ ರೂಢಿಯುಂಟು. ಈ ರೂಢಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಪಾಣಿನಿಯು ಪ್ರ, ಅನು, ಪರಿ ಮೊದಲಾದವು ಕ್ರಿಯೆಯೊಡನೆ ಕೂಡಿದಾಗ ಅವನ್ನು ಉಪಸರ್ಗವೆಂದನು. ಅವುಗಳಲ್ಲಿ ಕೆಲವು ಕ್ರಿಯೆಯನ್ನು ಬಿಟ್ಟು ನಾಮಪದದೊಡನೆ ಸಂಬಂಧ ಬೆಳೆಸಿ ಅದರ ವಿಭಕ್ತಿಯನ್ನು ನಿರ್ಣಯಿಸಿದಾಗ ಅವಕ್ಕೆ ಕರ್ಮಪ್ರವಚನೀಯವೆಂಬ ಬೇರೆ ಹೆಸರನ್ನಿಟ್ಟನು. ಶಬ್ದವೊಂದೇ, ಸಂಬಂಧ ಬೇರೆ. ಇಂಗ್ಲಿಷಿನ ‘ಪ್ರಿಪೊಜಿಷನ್’ ಈ ಎರಡನೆಯದಕ್ಕೆ ಸಮೀಪವಾದುದು. ಕ್ರಿಯೆಗೆ ಸೇರಿದ ‘ಅಪ್’, ‘ಔಟ್’ಗಳನ್ನು ಆ ಭಾಷೆಯ ವೈಯಾಕರಣರು ಕ್ರಿಯಾವಿಶೇಷಣಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ.

‘ಹೀ ರ್‍ಯಾನ್ ಅಪ್ ಎ ಹಿಲ್’, ‘ಹೀ ರ್‍ಯಾನ್ ಅಪ್ ಎ ಬಿಲ್’ ಎಂಬ ವಾಕ್ಯಗಳನ್ನು ನೋಡಬಹುದು. ಕಣ್ಣಿಗೆ ಎರಡೂ ಒಂದೇ ಅಚ್ಚಿನವು. ಮೊದಲನೆಯದರಲ್ಲಿ ಆತನು ಗುಡ್ಡವನ್ನು ಓಡಿ ಏರಿದನು. ‘ಅಪ್’ ಗುಡ್ಡಕ್ಕೆ ಸೇರಿದುದು. ಎರಡನೆಯದರಲ್ಲಿ ಯಾರೂ ಓಡಲಿಲ್ಲ. ಅಂಗಡಿಯ ಬಾಕಿಯನ್ನು ಬೆಳೆಸಿದನೆಂದು ಅರ್ಥ. ಇಲ್ಲಿ ‘ಅಪ್’ ಕ್ರಿಯೆಗೆ ಸೇರಿದುದು. ಆದುದರಿಂದಲೇ ‘ಅಪ್ ಎ ಹಿಲ್ ಹೀ ರ್‍ಯಾನ್’ ಎಂದರೆ ಕಿವಿ ಒಪ್ಪುತ್ತದೆ, ‘ಅಪ್ ಎ ಬಿಲ್’ ಎಂದು ಒಡೆದರೆ ಒಪ್ಪುವುದಿಲ್ಲ. ಸರ್ವನಾಮ ಇನ್ನೊಂದು ಒರೆಗಲ್ಲು. ‘ಪುಟ್ ಔಟ್ ದಿ ಲ್ಯಾಂಪ್’, ‘ಪುಟ್ ದಿ ಲ್ಯಾಂಪ್ ಔಟ್’ ಎರಡೂ ಸಾಧುವೇ. ‘ಲ್ಯಾಂಪ್’ ಬದಲಿಗೆ ‘ಇಟ್’ ಬಂದೊಡನೆ ‘ಪುಟ್ ಇಟ್ ಔಟ್’ ಎಂದು ಮಾತ್ರವೇ ಹೇಳಬೇಕು. ‘ಲುಕ್ ಅಟ್’ ಎಂಬಲ್ಲಿ ಕ್ರಮ ತಿರುಗುಮುರುಗು: ‘ಲುಕ್ ಅಟ್ ಇಟ್’ ಎಂಬುದೊಂದೇ ಸರಿ, ಏಕೆಂದರೆ ‘ಅಟ್’ ನಾಮಪದವನ್ನು ಬಿಟ್ಟಿರಲಾರದು. ‘ಪುಟ್ ಅಪ್ ವಿತ್’ ಎಂಬುದರಲ್ಲಿ ಎರಡು ಬಗೆಗಳೂ ಒಂದೆಡೆ ಸೇರಿವೆ. ‘ಅಪ್’ ಕ್ರಿಯೆಯ ಕಡೆಯದು, ‘ವಿತ್’ ನಾಮಪದದ ಕಡೆಯದು. ಒಟ್ಟರ್ಥ ಸಹಿಸಿಕೊಳ್ಳು ಎಂದು.

ಇಂಗ್ಲಿಷರಿಗೆ ಈ ಸ್ಥಿತಿ ಒದಗಿದುದಕ್ಕೆ ಚರಿತ್ರೆಯಿದೆ. ಹಳೆಯ ಇಂಗ್ಲಿಷಿನಲ್ಲಿ ಅವ್ಯಯಗಳು ಕ್ರಿಯೆಯ ಮುಂದೆಯೇ ಅಂಟುವುದು ಬಹಳವಾಗಿತ್ತು. ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ ಮೊದಲಾದವು ಅದರ ಉಳಿಕೆಗಳು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯದ ಶತಮಾನಗಳಲ್ಲಿ ಆ ಪದ್ಧತಿ ಕ್ಷೀಣಿಸಿ, ಅವ್ಯಯವನ್ನು ಹಿಂದೆ ಇರಿಸುವ ಪದ್ಧತಿ ಬಲಿಯಿತು. ಜೊತೆಗೆ ಫ್ರೆಂಚ್, ಲ್ಯಾಟಿನ್ ಶಬ್ದಗಳು ತುಂಬಿಕೊಂಡವು. ಹೀಗಾಗಿ ಒಂದೇ ಕಾರ್ಯಕ್ಕೆ ‘ಪುಟ್ ಆಫ್’ ಎಂಬ ಮನೆಮಾತೂ ‘ಪೋಸ್ಟ್‌ಪೋನ್’ ಎಂಬ ಗ್ರಂಥಸ್ಥ ಮಾತೂ ಉಳಿದವು. ಎರಡನೆಯದನ್ನು ಬಿಡಿಸಿದರೆ ಲ್ಯಾಟಿನ್ನಿನಲ್ಲಿ ಅದೂ ‘ನಂತರ ಇಡು’ ಎಂಬುದೇ! ನಮ್ಮ ಮಕ್ಕಳು ಗ್ರಂಥಸ್ಥ ಮಾತನ್ನೇ ಮೊದಲು ಕಲಿಯುವುದರಿಂದ, ಮನೆಯಲ್ಲಿ ‘ನೀರು ಕುಡಿ’ ಎನ್ನುವ ಬದಲು ‘ಜಲಪಾನ ಮಾಡು’ ಎಂದಂತೆ ಅವರ ಇಂಗ್ಲಿಷ್ ಕೇಳಿಸುತ್ತದೆ. ಪರಭಾಷಿಕರಿಗೆ ಇದು ಮಹಾಕಷ್ಟವೆಂಬುದನ್ನು ಡಾ. ಜಾನ್ಸನ್ನನು 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿಯೇ ಹೇಳಿದ್ದಾನೆ. ನಮ್ಮ ಹುಡುಗನೊಬ್ಬನೇ ದಡ್ಡನಲ್ಲ.

ಕನ್ನಡದಲ್ಲಿ ಈ ಉಪಾಯವಿಲ್ಲವೆಂದು ಭಾವಿಸಬಾರದು. ನಾವು ಅವ್ಯಯದಿಂದ ಅಲ್ಲ, ಎರಡನೆಯ ಕ್ರಿಯೆಯಿಂದ ಅದನ್ನು ಸಾಧಿಸುತ್ತೇವೆ. ‘ಹೇಳು’, ‘ಕೊಡು’ ಎರಡೂ ಬಲ್ಲವನಿಗೆ ‘ಹೇಳಿಕೊಡು’ ಎಂಬುದು ಕಲಿಸು ಎಂದು ಯಾರು ಹೇಳಿದರು? ‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿ ‘ಮಗುವನ್ನು ನೋಡಿಕೊಳ್ಳು’ ಎಂದಾದರೆ, ಇಂಗ್ಲಿಷಿನಲ್ಲಿ ‘ಲುಕ್’ ಎಂಬುದಕ್ಕೆ ‘ಆಫ್ಟರ್’ ಸೇರಿ ಅದೇ ಅರ್ಥವಾಗುತ್ತದೆ. ನೋಟವು ಪಾಲನೆಯಾಗುವುದು ಎರಡು ಭಾಷೆಗಳಲ್ಲಿಯೂ ಒಂದೇ ಬಗೆ. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದುಬಿಡು. ನಮ್ಮ ‘ಬಿಡು’ ಮಾಡುವ ಪೂರ್ಣತೆಯ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತದೆ. ಇದನ್ನು ಅರಿತ ಹುಡುಗನು ಯಾರನ್ನೂ ಏನನ್ನೂ ಮೇಲಕ್ಕೆ ತಿನ್ನಿಸುವುದಿಲ್ಲ.

ಉಳಿದ ಕ್ರಿಯಾವಿಶೇಷಣಗಳ ವಿಚಾರದಲ್ಲಿ ಸ್ಥಾನವೇ ಮುಖ್ಯ. ‘ನಿನ್ನೆ ಶಾಲೆಯಲ್ಲಿ ಚೆನ್ನಾಗಿ ಹಾಡಿದಳು’ ಎಂಬುದನ್ನು ತುದಿಯಿಂದ ಹಿಂದಕ್ಕೆ ಓದಿದರೆ ಬಹುಮಟ್ಟಿಗೆ ಇಂಗ್ಲಿಷ್ ವಾಕ್ಯದ ಕ್ರಮ ದೊರೆಯುತ್ತದೆ: ಹಾಡಿದಳು, ಚೆನ್ನಾಗಿ, ಶಾಲೆಯಲ್ಲಿ, ನಿನ್ನೆ. ಆದರೆ ಕ್ರಿಯೆಗೂ ಕರ್ಮಕ್ಕೂ ನಡುವೆ ‘ಚೆನ್ನಾಗಿ’ ಎಂಬುದನ್ನು ತೂರಿಸಲಾಗದು. ‘ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂಬುದು ಕನ್ನಡಿಗರ ಬಾಯಲ್ಲಿ ಸಾಮಾನ್ಯವಾದ ದೋಷ. ‘ಡಿಸ್ಕಸ್ ಅಬೌಟ್’ ಎಂಬುದು ನಮ್ಮ ‘ಬಗ್ಗೆ ಚರ್ಚಿಸು’ ಎಂಬುದರ ನೆರಳು. ವಿಭಕ್ತಿಯನ್ನು ತರ್ಕದಿಂದ ಊಹಿಸುವಂತಿಲ್ಲ. ಹಾವಿನ ಭಯವೊಂದೇ ಆದರೂ ಕನ್ನಡಿಗನು ಚತುರ್ಥಿಯಲ್ಲಿ ‘ಹಾವಿಗೆ’ ಹೆದರುತ್ತಾನೆ, ಸಂಸ್ಕೃತದವನು ಪಂಚಮಿಯಲ್ಲಿ, ಇಂಗ್ಲಿಷಿನವನು ನಮ್ಮ ಷಷ್ಠಿಯನ್ನು ಹೋಲುವ ‘ಆಫ್’ನಲ್ಲಿ.

ಆದಕಾರಣ ಶಬ್ದಾರ್ಥದ ಪಟ್ಟಿಯಲ್ಲಿ ‘ಗಿವ್’ ಒಂದು ಸಾಲು, ‘ಅಪ್’ ಒಂದು ಸಾಲು ಎಂದು ಬರೆಯಿಸುವುದರ ಜೊತೆಗೆ ‘ಗಿವ್ ಅಪ್ – ಬಿಟ್ಟುಬಿಡು’, ‘ಲುಕ್ ಆಫ್ಟರ್ – ನೋಡಿಕೊಳ್ಳು’ ಎಂದು ಕೂಟಕ್ಕೊಂದು ಸಾಲನ್ನು, ಪಕ್ಕದಲ್ಲಿ ಒಂದು ಪೂರ್ಣ ವಾಕ್ಯವನ್ನು ಬರೆಯಿಸುವುದು ಯುಕ್ತ. ವಾರಕ್ಕೆ ಐದಾರು ಸಾಲುಗಳು ಸಾಕು.