ರಂಗನತಿಟ್ಟಿನಲ್ಲಿ ಒಂದು ಚಳಿಗಾಲದ ಬೆಳಿಗ್ಗೆ

ಮಕ್ಕಳೇ, ಹಕ್ಕಿಗಳಿಗೆ ರೆಕ್ಕೆ ಇದೆ. ಬೇಕಾದ ಕಡೆ ಹಾರಿಹೋಗಿ ಗೂಡು ಕಟ್ಟಬಹುದು. ಹಾಗಿದ್ದೂ ಸಾವಿರಾರು ಹಕ್ಕಿಗಳು ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುವೆ ಇರುವ ಪುಟ್ಟ ಪುಟ್ಟ ದ್ವೀಪಗಳಿಗೇ ಬಂದು ಸೇರುತ್ತವೆ. ಏಕೆ?

ದ್ವೀಪದ ಸುತ್ತ ನೀರಿದೆಯಲ್ಲವೇ? ನಾಯಿ, ನರಿ, ಕಾಡುಬೆಕ್ಕುಗಳು ಅದನ್ನು ದಾಟಿ ಗೂಡಿನ ಹತ್ತಿರ ಬರುವುದು ಕಷ್ಟ. ಸಾಲದೆಂಬಂತೆ ನೀರಿನಲ್ಲಿ ಮೊಸಳೆಗಳೂ ಇವೆ! 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನೀರು ನಿಂತು, ಎತ್ತರದ ಜಾಗಗಳು ಮಾತ್ರ ಮೇಲೆ ಉಳಿದು ಈ ದ್ವೀಪಗಳಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ಜನವರಿಯ ಬೆಳಿಗ್ಗೆ ದೋಣಿಯಲ್ಲಿ ಹೊರಟರೆ ಮೊದಲು ಕಾಣುವುದು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುವ ಮೊಸಳೆ. ಅದರ ಬಾಯಿ ತೆರೆದಿದ್ದರೆ ಹೆದರಬೇಡಿ. ಮೈಗೆ ಶಾಖ ಹೆಚ್ಚಾದಾಗ ಅದು ಬಾಯಿ ತೆರೆದು ತಲೆಯನ್ನು ತಂಪು ಮಾಡಿಕೊಳ್ಳುತ್ತದೆ.

ಇನ್ನು ಹಕ್ಕಿಗಳ ಕೊಕ್ಕು ನೋಡಿ. ಚಮಚದ ಕೊಕ್ಕಿನ ಹಕ್ಕಿ ಕಸ ಗುಡಿಸುವಂತೆ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತದೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಕಾಲಿನಿಂದ ಕೆಸರು ಕದಡುತ್ತದೆ. ಮೀನು ಕೊಕ್ಕಿಗೆ ತಾಗಿದೊಡನೆ ಫಟ್ಟನೆ ಮುಚ್ಚುತ್ತದೆ. ಅದು ಮೀನನ್ನು ಕಂಡು ಹಿಡಿಯುವುದಲ್ಲ, ಮುಟ್ಟಿ ಹಿಡಿಯುವುದು. ಆದ್ದರಿಂದ ನೀರು ಕದಡಿದರೂ ಅದಕ್ಕೆ ತೊಂದರೆಯಿಲ್ಲ. ನನಗೆ ಬಹಳ ಇಷ್ಟವಾದದ್ದು ಬಾಯ್ಕಳಕ. ಅದು ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಉಳಿಯುತ್ತದೆ. ಬಸವನಹುಳುವನ್ನು ಚಿಪ್ಪಿನಿಂದ ಹೊರತೆಗೆಯುವುದರಲ್ಲಿ ಅದು ನಿಪುಣ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ. ಬೆಳೆಯುತ್ತಾ ಮೂಡುತ್ತದೆ.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಇಲ್ಲಿಗೆ ಕರೆದೊಯ್ದಿದ್ದೆ. ಗೂಡು ಕಂಡ ಸಂತೋಷಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಡೆಯಲಿಲ್ಲ. ಕೊಕ್ಕರೆ ಬೆಚ್ಚಿ ಎದ್ದು ಹಾರಿತು. ಪಕ್ಕದ ಕೊಂಬೆಯಲ್ಲಿ ಕಾಯುತ್ತಿದ್ದ ಕಾಗೆ ಗೂಡಿಗಿಳಿದು ಮೊಟ್ಟೆಯನ್ನು ಕುಕ್ಕಿತು. ದಡಕ್ಕೆ ಮರಳುವವರೆಗೂ ದೋಣಿಯಲ್ಲಿ ಯಾರೂ ಮಾತನಾಡಲಿಲ್ಲ.

ನೀರೂ ಯಾವಾಗಲೂ ಕಾವಲುಗಾರನಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದ್ವೀಪಗಳೇ ಮುಳುಗಿದವು. ಚಳಿಗಾಲ ಮುಗಿಯುವ ಹೊತ್ತಿಗೆ ಹೊಳೆ ಇಳಿದು ಬಂಡೆಗಳು ಮೇಲೇಳುತ್ತವೆ. ಆಗ ನದಿ ರೀವ ಎಂಬ ಹಕ್ಕಿ ಗೂಡನ್ನೇ ಕಟ್ಟದೆ ಬರಿಯ ನೆಲದ ಮೇಲೆ, ಬಂಡೆಗಳ ನಡುವೆ ಮೊಟ್ಟೆ ಇಡುತ್ತದೆ. ನೀರು ಒಂದೆರಡು ಅಡಿ ಏರಿದರೂ ಆ ಮೊಟ್ಟೆಗಳು ಕೊಚ್ಚಿಹೋಗಬಹುದು.

ರಂಗನತಿಟ್ಟು ದೂರವಾದರೆ ನಿಮ್ಮೂರಿನ ಕೆರೆಗೆ ಹಿರಿಯರೊಂದಿಗೆ ಹೋಗಿ. ದಡದಿಂದ ದೂರ ಕುಳಿತು ಹತ್ತು ನಿಮಿಷ ಒಂದೇ ಹಕ್ಕಿಯನ್ನು ನೋಡಿ. ಅದು ಎಷ್ಟು ಸಲ ಕೊಕ್ಕು ಮುಳುಗಿಸಿತು? ಎಷ್ಟು ಸಲ ಆಹಾರ ಸಿಕ್ಕಿತು? ಎಣಿಸಿ, ದಿನಾಂಕ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.