ಕಾಲುವೆ ತೋಡುವ ಅಪ್ಪ

ಆಫ್ರಿಕಾದ ಸಫಾರಿಗೆ ಹೊರಟವರಿಗೆ ಟ್ರಾವೆಲ್ ಏಜೆಂಟರು ಹೇಳುವ ಮೊದಲ ಮಾತು, ‘ಮಳೆಗಾಲ ಮಾತ್ರ ಬೇಡ’. ಬಹುತೇಕ ಕಾಡುಗಳ ಮಟ್ಟಿಗೆ ಅದು ಸರಿಯಾದ ಸಲಹೆಯೇ. ಒಣಗಾಲದಲ್ಲಿ ಹುಲ್ಲು ಮೊಣಕಾಲಿಗಿಂತ ಕೆಳಗಿರುತ್ತದೆ. ನೀರು ಎಲ್ಲೋ ಒಂದೆರಡು ಗುಂಡಿಯಲ್ಲಷ್ಟೇ ಉಳಿದಿರುತ್ತದೆ. ಅಲ್ಲಿ ಜೀಪು ನಿಲ್ಲಿಸಿ ಕೂತರೆ ಪ್ರಾಣಿಗಳೇ ಸಾಲುಗಟ್ಟಿ ಬರುತ್ತವೆ.

ಬೋಟ್ಸ್ವಾನಾದ ಮಧ್ಯ ಕಲಹರಿ ವನ್ಯಧಾಮದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. 1961ರಲ್ಲಿ ಘೋಷಣೆಯಾದ ಈ ವನ್ಯಧಾಮದ ವಿಸ್ತಾರ ಸುಮಾರು 52,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಜಾಗದಲ್ಲಿ ಹರಿಯುವ ಹೊಳೆ ಒಂದೂ ಇಲ್ಲ. ಮರಳು ಎಷ್ಟು ಆಳವೆಂದರೆ ಬಿದ್ದ ಮಳೆಯನ್ನು ಅಲ್ಲಲ್ಲೇ ಕುಡಿದುಬಿಡುತ್ತದೆ. ಸಾವಿರಾರು ವರ್ಷಗಳ ಹಿಂದೆ ಹರಿದು ಬತ್ತಿಹೋದ ನದಿಗಳ ಪಾತ್ರಗಳು ಮಾತ್ರ ಅಗಲವಾದ ಬಯಲು ಕಣಿವೆಗಳಾಗಿ ಉಳಿದಿವೆ. ಡಿಸೆಪ್ಶನ್ ವ್ಯಾಲಿ ಅವುಗಳಲ್ಲಿ ಹೆಸರುವಾಸಿ. ಮಾರ್ಕ್ ಮತ್ತು ಡೀಲಿಯಾ ಓವೆನ್ಸ್ ದಂಪತಿ 1974ರಿಂದ ಏಳು ವರ್ಷ ಡೇರೆ ಹಾಕಿಕೊಂಡು ಕಂದು ಕತ್ತೆಕಿರುಬ ಮತ್ತು ಸಿಂಹಗಳನ್ನು ಅಧ್ಯಯನ ಮಾಡಿದ್ದು ಇಲ್ಲೇ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗುಡುಗಿ ಸುರಿಯುವ ಮಳೆಗೆ ಈ ಕಣಿವೆಗಳ ಹುಲ್ಲು ಚಿಗುರುತ್ತದೆ. ಸ್ಪ್ರಿಂಗ್‌ಬಾಕ್ ಮತ್ತು ಜೆಮ್ಸ್‌ಬಾಕ್ ಜಿಂಕೆಗಳು ಸುತ್ತಲಿನ ಕುರುಚಲಿನಿಂದ ಇಳಿದು ಬರುತ್ತವೆ. ಅವುಗಳ ಬೆನ್ನಿಗೇ ಕಪ್ಪು ಕೇಸರದ ಸಿಂಹಗಳು. ಹೀಗಾಗಿ ಕಲಹರಿ ನೋಡಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು.

ಸುಖವಾದ ಪ್ರವಾಸವಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಲವೇ ಲಾಡ್ಜುಗಳನ್ನು ಬಿಟ್ಟರೆ ಟೆಂಟೇ ಗತಿ. ಟೆಂಟ್ ಹಾಕುವ ಜಾಗಕ್ಕೆ ಬೇಲಿ ಇಲ್ಲ, ಕುಡಿಯುವ ನೀರು ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ಎಲ್ಲವನ್ನೂ ಮೌನ್ ಪಟ್ಟಣದಿಂದಲೋ ರಾಕೋಪ್ಸ್‌ನಿಂದಲೋ ತುಂಬಿಕೊಂಡು ಹೋಗಬೇಕು. ದಾರಿ ನಡುವಿನ ಹುಲ್ಲಿನ ಬೀಜಗಳು ರೇಡಿಯೇಟರಿಗೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ. ಅದಕ್ಕೆಂದೇ ಗಾಡಿಯ ಮುಂದೆ ಸೊಳ್ಳೆಪರದೆಯಂಥ ಬಲೆ ಕಟ್ಟಿಕೊಳ್ಳುತ್ತಾರೆ. ಮರಳಿನಲ್ಲಿ ಹೇಗೋ ದಾಟಿದ ಫೋರ್ ವೀಲ್ ಡ್ರೈವ್ ಗಾಡಿ, ತಗ್ಗಿನ ಎರೆಮಣ್ಣಿಗೆ ಇಳಿಯಿತೆಂದರೆ ಅಚ್ಚುಮರದವರೆಗೆ ಹೂತುಹೋಗುತ್ತದೆ.

ಈ ಎರೆಮಣ್ಣಿನ ತಗ್ಗುಗಳೇ ನಮ್ಮ ಕಥೆ ನಡೆಯುವ ಜಾಗ. ಅಲ್ಲಿಯವರು ಇವನ್ನು ‘ಪ್ಯಾನ್’ ಎನ್ನುತ್ತಾರೆ. ತಳದಲ್ಲಿ ಜೇಡಿ ಇರುವುದರಿಂದ ಇಷ್ಟು ಕಡೆ ಮಾತ್ರ ಮಳೆನೀರು ಇಂಗದೆ ಒಂದಷ್ಟು ದಿನ ನಿಲ್ಲುತ್ತದೆ. ಹಿಂದಿನ ದಿನ ಬಿರುಕುಬಿಟ್ಟ ನೆಲವಾಗಿದ್ದ ಜಾಗ, ರಾತ್ರಿ ಹೊಡೆತದ ಮಳೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಪಾದ ಮುಳುಗುವ ಕೆರೆಯಾಗಿರುತ್ತದೆ. ಟೆಂಟಿನೊಳಗೆ ಮಲಗಿದವರಿಗೆ ಆ ಕಡೆಯಿಂದ ಕರುವೊಂದು ಗಂಟಲೊಳಗೇ ‘ವೂಂಪ್... ವೂಂಪ್’ ಎಂದು ಕೂಗಿದ ಹಾಗೆ ಸದ್ದು ಕೇಳತೊಡಗುತ್ತದೆ. ಸುತ್ತ ಎಲ್ಲೂ ದನವಿಲ್ಲ. ಕೂಗುತ್ತಿರುವುದು ಕಪ್ಪೆ.

ಪಿಕ್ಸಿಸೆಫಾಲಸ್ ಆಡ್‌ಸ್ಪರ್ಸಸ್ ಅದರ ವೈಜ್ಞಾನಿಕ ಹೆಸರು. ಇಂಗ್ಲಿಷಿನವರ ಆಫ್ರಿಕನ್ ಬುಲ್‌ಫ್ರಾಗ್. ನಾವು ಗೂಳಿಗಪ್ಪೆ ಎನ್ನೋಣ. ಬೋಟ್ಸ್ವಾನಾದ ಜನರ ಸೆಟ್ಸ್ವಾನಾ ನುಡಿಯಲ್ಲಿ ಇದು ‘ಲೆಟ್ಲಾಮೆಟ್ಲೊ’. ದೊಡ್ಡ ಗಂಡು ಇಪ್ಪತ್ತು ಸೆಂಟಿಮೀಟರಿಗೂ ಮೀರಿ ಬೆಳೆದು ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಪಾಚಿಹಸಿರು ಮೈ, ಹಳದಿ ಗಂಟಲು, ಮೈಯಗಲಕ್ಕೂ ಸೀಳಿದಂಥ ಬಾಯಿ. ಕೆಳದವಡೆಯಲ್ಲಿ ಹಲ್ಲಿನಂತೆ ಚೂಪಾದ ಮೂರು ಮೊನೆಗಳಿವೆ. ಅವು ನಿಜವಾದ ಹಲ್ಲಲ್ಲ, ದವಡೆಯ ಮೂಳೆಯೇ ಮೇಲೆದ್ದು ಆದವು. ಕಚ್ಚಿದರೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ರಕ್ತ ಬರುತ್ತದೆ. ಹುಳುಹುಪ್ಪಟೆ, ಇಲಿ, ಹಕ್ಕಿಮರಿ, ಸಣ್ಣ ಹಾವು, ತನ್ನದೇ ಜಾತಿಯ ಚಿಕ್ಕ ಕಪ್ಪೆ, ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಊಟವೇ.

ನಿನ್ನೆಯವರೆಗೆ ಇಷ್ಟು ದೊಡ್ಡ ಪ್ರಾಣಿ ಎಲ್ಲಿತ್ತು? ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆಯಲ್ಲಿ ಓಡಾಡಿದ ಡೇವಿಡ್ ಲಿವಿಂಗ್‌ಸ್ಟನ್, 1857ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಈ ಕಪ್ಪೆಯ ಬಗ್ಗೆ ಬರೆದಿದ್ದಾನೆ. ಗುಡುಗುಮಳೆಯ ಬೆನ್ನಿಗೇ ಹೊಂಡದ ತುಂಬ ಕಪ್ಪೆ ಕಾಣುವುದರಿಂದ, ಅವು ಮೋಡದಿಂದಲೇ ಉದುರುತ್ತವೆಂದು ಅಲ್ಲಿಯ ಜನ ನಂಬಿದ್ದರಂತೆ. ಬರಗಾಲದಲ್ಲಿ ಕಪ್ಪೆ ಪೊದೆಯ ಬುಡದಲ್ಲಿ ಬಿಲ ಮಾಡಿಕೊಂಡಿರುತ್ತದೆ, ಬಿಲದ ಬಾಯಿಗೆ ಜೇಡವೊಂದು ಬಲೆ ಹೆಣೆದಿರುತ್ತದೆ, ಆ ಬಲೆಯ ಹಿಂದೆ ಕಪ್ಪೆ ಇದೆಯೆಂದು ಊಹಿಸುವ ಕಣ್ಣು ಮರುಭೂಮಿಯ ಬೇಟೆಗಾರರಿಗೆ ಮಾತ್ರ ಉಂಟು ಎಂದೂ ಆತ ದಾಖಲಿಸಿದ್ದಾನೆ. ಬೇಯಿಸಿದಾಗ ಕೋಳಿಯ ಹಾಗೆ ಕಾಣುತ್ತದೆ ಎನ್ನುವುದನ್ನೂ ಪಾದ್ರಿ ಮಹಾಶಯ ಬಿಟ್ಟಿಲ್ಲ.

ಗೂಳಿಗಪ್ಪೆಯ ಹಿಂಗಾಲಿನ ಅಂಗಾಲಲ್ಲಿ ಕೊಂಬಿನಷ್ಟು ಗಟ್ಟಿಯಾದ, ಅಂಚು ಚೂಪಾದ ಒಂದು ಗಂಟು ಇದೆ. ಮಳೆ ಮುಗಿಯುವ ಹೊತ್ತಿಗೆ ಕಪ್ಪೆ ಮೆದು ನೆಲದ ಮೇಲೆ ಕೂತು, ಎರಡೂ ಹಿಂಗಾಲುಗಳಿಂದ ಮಣ್ಣನ್ನು ಅತ್ತಿತ್ತ ಸರಿಸುತ್ತ ಹಿಂದುಹಿಂದಕ್ಕೆ ಇಳಿಯುತ್ತದೆ. ನೋಡುತ್ತಿದ್ದವರ ಮುಂದೆ ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ಕಣ್ಣೆರಡು ಮುಳುಗುತ್ತವೆ. ಮೇಲಿನ ಮಣ್ಣು ತಾನಾಗಿ ಕುಸಿದು ಬಾಗಿಲು ಮುಚ್ಚುತ್ತದೆ. ಒಳಗೆ ಹೋದ ಮೇಲೆ ನಡೆಯುವುದು ಇನ್ನೂ ಸ್ವಾರಸ್ಯ. ಕಪ್ಪೆಗಳೆಲ್ಲ ಆಗಾಗ ಮೇಲ್ಚರ್ಮದ ತೆಳು ಪದರವನ್ನು ಕಳಚುತ್ತವೆ. ಮಣ್ಣಿನಡಿ ಮಲಗಿದ ಗೂಳಿಗಪ್ಪೆಯೂ ಕಳಚುತ್ತದೆ, ಆದರೆ ಬಿಸಾಡುವುದಿಲ್ಲ. ಕಳಚಿದ ಪದರ ಮೈಮೇಲೇ ಉಳಿಯುತ್ತದೆ. ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಈರುಳ್ಳಿಯ ಒಣಸಿಪ್ಪೆಯ ಹಾಗೆ ಪದರದ ಮೇಲೆ ಪದರ ಕೂಡಿ ಇಡೀ ಮೈಗೆ ಒಂದು ಚೀಲವಾಗುತ್ತದೆ. ಉಸಿರಿಗೆಂದು ಮೂಗಿನ ಹೊಳ್ಳೆಗಳಷ್ಟೇ ತೆರೆದಿರುತ್ತವೆ.

ಕಪ್ಪೆಗೆ ಈ ಚೀಲ ಯಾಕಷ್ಟು ಮುಖ್ಯವೆಂದರೆ, ಅದರ ಚರ್ಮ ನೀರಿನ ವಿಷಯದಲ್ಲಿ ಬಾಗಿಲಿಲ್ಲದ ಮನೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರಿಕೊಳ್ಳುತ್ತದೆ. ಒಳಗೆ ಬಂದಷ್ಟೇ ಸಲೀಸಾಗಿ ನೀರು ಅದೇ ಚರ್ಮದಿಂದ ಆವಿಯಾಗಿ ಹೊರಗೂ ಹೋಗುತ್ತದೆ. ಆ ಸೋರಿಕೆಯನ್ನು ಚೀಲ ತಡೆಯುತ್ತದೆ. ಲವ್‌ರಿಜ್ ಮತ್ತು ವಿದರ್ಸ್ ಎಂಬ ವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದ್ದು ಓಡಾಡುವ ಗೂಳಿಗಪ್ಪೆಯನ್ನೂ ಚೀಲದೊಳಗಿನ ಗೂಳಿಗಪ್ಪೆಯನ್ನೂ ಹೋಲಿಸಿ ಅಳೆದರು. ಚೀಲದೊಳಗಿನದರಲ್ಲಿ ನೀರಿನ ನಷ್ಟವೂ ತಗ್ಗಿತ್ತು, ಉಸಿರಾಟಕ್ಕೆ ಬೇಕಾದ ಆಮ್ಲಜನಕವೂ ತಗ್ಗಿತ್ತು. ಇದರ ಜೊತೆಗೆ ಇನ್ನೊಂದು ಉಳಿತಾಯ ಖಾತೆ ಇದೆ, ಮೂತ್ರಕೋಶ. ನಮಗೆ ಅದು ಕಸದ ಡಬ್ಬಿ, ಕಪ್ಪೆಗೆ ನೀರಿನ ಟ್ಯಾಂಕು. ತುಂಬಾ ತೆಳುವಾದ ಮೂತ್ರವನ್ನು ತುಂಬಿಟ್ಟುಕೊಂಡು, ತಿಂಗಳುಗಳ ಕಾಲ ಅದರಿಂದ ನೀರನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಎದ್ದೇಳದೆ ಮುಂದಿನ ಮಳೆಗೆ ಕಾಯುವ ಶಕ್ತಿ ಹೀಗೆ ಬರುತ್ತದೆ. ಮಣ್ಣು ನೆನೆದು ನೀರು ಕೆಳಗಿಳಿದಾಗ ಚೀಲ ಮೆತ್ತಗಾಗುತ್ತದೆ. ಕಪ್ಪೆ ಅದನ್ನು ಹರಿದು ಹೊರಬಂದು, ಹರಿದದ್ದನ್ನು ತಿಂದೂ ಬಿಡುತ್ತದೆ. ವರ್ಷದ ಮೊದಲ ತುತ್ತು ಸ್ವಂತ ಚರ್ಮ. ಅದೃಷ್ಟವಿದ್ದರೆ ಎರಡನೆಯದು, ಅದೇ ಮಳೆಗೆ ಎದ್ದ ಗೆದ್ದಲಿನ ಈಸುಳ್ಳಿ.

ಮರುಭೂಮಿಯ ಪ್ರಾಣಿ ಎಂದ ಕೂಡಲೇ ನಾವು ನೀರಿಲ್ಲದೆ ಬದುಕುವ ಜಾಣತನವನ್ನು ಮಾತ್ರ ಹೊಗಳುತ್ತೇವೆ. ಗೂಳಿಗಪ್ಪೆಯ ನಿಜವಾದ ಪರೀಕ್ಷೆ ಶುರುವಾಗುವುದು ನೀರು ಬಂದ ಮೇಲೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ನೀರು ಕೆಲವು ವಾರ ಇದ್ದರೆ ಹೆಚ್ಚು. ಅಷ್ಟರಲ್ಲಿ ಸಂಗಾತಿ ಸಿಗಬೇಕು, ಮೊಟ್ಟೆ ಒಡೆಯಬೇಕು, ಗೊದಮೊಟ್ಟೆಗಳಿಗೆ ಕಾಲು ಮೂಡಿ ದಡ ಹತ್ತಬೇಕು.

ಆದ್ದರಿಂದಲೇ ಇವು ಹಗಲಲ್ಲೇ, ಪ್ಯಾನಿನ ಅಂಚಿನ ತೆಳುನೀರಿನಲ್ಲೇ ಸೇರುತ್ತವೆ. ಗಂಡುಗಳ ಕುಸ್ತಿ ನೋಡುವಂಥದ್ದು. ನಡುವಿನ ಜಾಗಕ್ಕಾಗಿ ಒಂದನ್ನೊಂದು ಕಚ್ಚಿ, ಎತ್ತಿ, ಮಗುಚಿ ಹಾಕುತ್ತವೆ. ಕೆಲವು ಸಾಯುವುದೂ ಉಂಟು. ಕಪ್ಪೆಗಳ ಲೋಕದಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು, ಇಲ್ಲಿ ಗಂಡು ದೊಡ್ಡದಾಗಿರುವುದಕ್ಕೆ ಈ ಕುಸ್ತಿಯೇ ಕಾರಣ. ಹೆಣ್ಣು ಸೋತವರ ಕಣ್ಣು ತಪ್ಪಿಸಿ, ನೀರಿನಲ್ಲಿ ಮೈಯಡಗಿಸಿ ಈಜಿ, ನಡುವಿನ ದೊಡ್ಡ ಗಂಡನ್ನು ಸೇರುತ್ತದೆ. ಮೊಟ್ಟೆ ಇಡುವಾಗ ಹಿಂಬದಿಯನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ಮೊಟ್ಟೆಗೆ ಗಂಡಿನ ವೀರ್ಯ ತಾಗುವುದು ಗಾಳಿಯಲ್ಲಿ, ಆಮೇಲಷ್ಟೇ ಅದು ನೀರಿಗೆ ಬೀಳುತ್ತದೆ. ಇದರಿಂದ ವೀರ್ಯ ನೀರಿನಲ್ಲಿ ಕದಡಿ ತೆಳುವಾಗುವುದಿಲ್ಲ, ಪಕ್ಕದಲ್ಲಿರುವ ಬೇರೆ ಗಂಡುಗಳದ್ದು ಬೆರೆಯುವ ಸಂಭವವೂ ಕಡಿಮೆ. ಒಂದು ಹೆಣ್ಣು ಮೂರು ನಾಲ್ಕು ಸಾವಿರ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ.

ಗಂಡು ಉಳಿಯುತ್ತದೆ. ಬಿಸಿಲಿಗೆ ಕಾದ ತೆಳುನೀರಿನಲ್ಲಿ ಮೊಟ್ಟೆಗಳು ಎರಡು ದಿನದಲ್ಲಿ ಒಡೆಯುತ್ತವೆ. ಸಾವಿರಾರು ಗೊದಮೊಟ್ಟೆಗಳು ಕರೀ ಮುದ್ದೆಯಾಗಿ ಒಟ್ಟಿಗೇ ಸರಿದಾಡುತ್ತ ತಿನ್ನುತ್ತವೆ, ಅಪ್ಪ ಅವುಗಳ ಪಕ್ಕದಲ್ಲೇ ಕೂತಿರುತ್ತದೆ. ಕೊಕ್ಕರೆ ಬರಲಿ, ಹದ್ದು ಬರಲಿ, ಮನುಷ್ಯನೇ ಬರಲಿ, ಎದುರಾಳಿಯ ಗಾತ್ರ ನೋಡದೆ ಮೈಯುಬ್ಬಿಸಿ ಬಾಯಿ ತೆರೆದು ಹಾರುತ್ತದೆ.

ತೆಳುನೀರು ಬಿಸಿಯಾಗಿರುವುದರಿಂದ ಮರಿ ಬೇಗ ಬೆಳೆಯುತ್ತದೆ. ತೆಳುವಾಗಿರುವುದರಿಂದಲೇ ಮೊದಲು ಬತ್ತುತ್ತದೆ. ಎರಡು ದಿನ ಮಳೆ ಬಾರದಿದ್ದರೆ ಅಂಚಿನ ಗುಂಡಿ ಮುಖ್ಯ ಹೊಂಡದಿಂದ ಬೇರ್ಪಟ್ಟು, ಗೊದಮೊಟ್ಟೆಗಳು ಕೊಚ್ಚೆಯಲ್ಲಿ ಒದ್ದಾಡತೊಡಗುತ್ತವೆ. ಆಗ ಅಪ್ಪ ಗುಂಡಿಯಿಂದ ಆಳ ನೀರಿನ ಕಡೆಗೆ ಹೊರಡುತ್ತದೆ, ಹಿಂಗಾಲುಗಳಿಂದ ಕೆಸರನ್ನು ಅಗೆಯುತ್ತ, ಮೈಯಿಂದ ಪಕ್ಕಕ್ಕೆ ತಳ್ಳುತ್ತ. ಮಣ್ಣಿನಡಿ ಅಡಗಲು ಇದ್ದ ಅದೇ ಅಂಗಾಲಿನ ಗಂಟು ಈಗ ಕಾಲುವೆ ತೋಡುತ್ತಿದೆ. ದಾರಿ ತೆರೆದುಕೊಂಡರೆ ದೊಡ್ಡ ಹೊಂಡದ ನೀರು ಒಳಗೆ ಹರಿದುಬರುತ್ತದೆ, ಗೊದಮೊಟ್ಟೆಗಳ ಮುದ್ದೆ ಅದೇ ದಾರಿಯಲ್ಲಿ ಹೊರಗೆ ಸರಿಯುತ್ತದೆ. ಹಲವು ಮೀಟರ್ ಉದ್ದದ ಇಂಥ ಕಾಲುವೆಗಳನ್ನು ಕಾಕ್, ದು ಪ್ರೀಜ್ ಮತ್ತು ಚಾನಿಂಗ್ 1989ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅಪ್ಪ ಕಾವಲಿದ್ದ ಗೊದಮೊಟ್ಟೆಗಳು ಹೆಚ್ಚು ಸಂಖ್ಯೆಯಲ್ಲಿ ಬದುಕುತ್ತವೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂತು. ಎಲ್ಲ ಸರಿಹೋದರೆ ಸುಮಾರು ಮೂರು ವಾರಕ್ಕೆ ಹಸಿರು ಮರಿಗಪ್ಪೆಗಳು ದಡ ಹತ್ತುತ್ತವೆ. ಹತ್ತಿದ ಕೂಡಲೇ ಒಡಹುಟ್ಟಿದವರನ್ನೇ ನುಂಗಲು ಶುರುಮಾಡುತ್ತವೆ. ಅಪ್ಪನ ತ್ಯಾಗಕ್ಕೆ ಕಣ್ಣೀರು ಹಾಕುತ್ತಿದ್ದವರು ಇಲ್ಲಿ ಸ್ವಲ್ಪ ಸಾವರಿಸಿಕೊಳ್ಳಬೇಕು.

ಅಂಗಾಲಲ್ಲಿ ಸನಿಕೆ ಹೊತ್ತು ಹಿಂದಕ್ಕೆ ತೋಡುವ ಕಪ್ಪೆ ನಮ್ಮಲ್ಲೂ ಇದೆ. ಸ್ಫೇರೋಥೀಕಾ ಕುಲದ ಬಿಲಗಪ್ಪೆಗಳು ಹೊರನೋಟಕ್ಕೆ ಆಫ್ರಿಕಾದ ಮರಳುಗಪ್ಪೆಗಳನ್ನು ಎಷ್ಟು ಹೋಲುತ್ತವೆಂದರೆ, ಬಹಳ ಕಾಲ ವಿಜ್ಞಾನಿಗಳು ಎರಡನ್ನೂ ಟೊಮಾಪ್ಟರ್ನಾ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಆಫ್ರಿಕಾದ ಆ ಮರಳುಗಪ್ಪೆಗಳು ಗೂಳಿಗಪ್ಪೆಯ ಕುಟುಂಬದವು. ಡಿಎನ್ಎ ನೋಡಿದಾಗ ನಮ್ಮವು ಬೇರೆಯೇ ಕುಟುಂಬಕ್ಕೆ ಸೇರಿದವು ಎಂದು ತಿಳಿಯಿತು. ಎರಡು ಖಂಡಗಳ ಒಣನೆಲ ಎರಡು ಬೇರೆ ವಂಶಗಳಿಗೆ ಒಂದೇ ಉಪಕರಣ ಕೊಟ್ಟಿದೆ. ಈ ಕುಲದ ಹೊಸ ಪ್ರಭೇದವೊಂದನ್ನು 2020ರಲ್ಲಿ ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯ ಬಳಿಯಿಂದ ವರದಿ ಮಾಡಿ ಸ್ಫೇರೋಥೀಕಾ ಬೆಂಗಳೂರು ಎಂದೇ ಹೆಸರಿಟ್ಟರು. ಸೈಟುಗಳಾಗಿ ಹಂಚಿಹೋಗುತ್ತಿರುವ ನೆಲ ಅದು. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತ ಗೂಳಿಗಪ್ಪೆಗೆ ಬಂದಿರುವ ಕುತ್ತೂ ಅದೇ ತರಹದ್ದು: ಪ್ಯಾನುಗಳ ಮೇಲೆ ಮನೆಗಳು, ಮಳೆರಾತ್ರಿ ದಾಟುವ ರಸ್ತೆಯಲ್ಲಿ ಚಕ್ರಗಳು.

ಮಧ್ಯ ಕಲಹರಿಯಲ್ಲಿ ಸದ್ಯಕ್ಕೆ ಆ ಭಯವಿಲ್ಲ. ಜನವರಿ, ಫೆಬ್ರವರಿಯಲ್ಲಿ ಅಲ್ಲಿಗೆ ಹೋಗುವ ಯೋಗ ಬಂದರೆ, ಮಳೆ ಬಿದ್ದ ಮರುದಿನ ಒಂದು ಕೆಲಸ ಮಾಡಿ. ಗೈಡು ಸಿಂಹದ ಹೆಜ್ಜೆ ಹಿಡಿದು ಹೊರಡುವ ಮುನ್ನ ಹೊಂಡದ ಪಕ್ಕ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಲು ಹೇಳಿ. ಗಾಡಿಯಿಂದ ಇಳಿಯಬೇಡಿ, ಅದು ಅಲ್ಲಿಯ ನಿಯಮ, ಬೈನಾಕ್ಯುಲರ್ ಸಾಕು. ದಾರಿ ನಡುವೆ ನೀರು ನಿಂತ ತಗ್ಗು ಸಿಕ್ಕರೆ ಸೀದಾ ನುಗ್ಗಿಸಬೇಡಿ. ಕರೀ ಮುದ್ದೆಯೊಂದು ಸರಿದಾಡುತ್ತಿದೆಯೇ, ಪಕ್ಕದಲ್ಲಿ ಹಳದಿ ಗಂಟಲಿನವನೊಬ್ಬ ಕೂತಿದ್ದಾನೆಯೇ ನೋಡಿಕೊಳ್ಳಿ. ಸಿಂಹ ಸಂಜೆಗೂ ಸಿಗುತ್ತದೆ.